ತೂಬು ಎತ್ತುವವರ ಹಕ್ಕಿಗಳು

"ಇಷ್ಟೊಂದು ಕೆರೆಗಳಿವೆ, ಒಂದನ್ನಾದರೂ ಪಕ್ಷಿಧಾಮ ಮಾಡಬಾರದೆ? ಸುತ್ತ ಬೇಲಿ ಹಾಕಿ, ದನಕರು, ರೈತರ ಓಡಾಟ ನಿಲ್ಲಿಸಿ, ಒಂದು ವೀಕ್ಷಣಾ ಗೋಪುರ ಕಟ್ಟಿದರೆ ಹಕ್ಕಿ ಉಳಿಯುತ್ತವೆ." ದಸರಾ ರಜೆಯಲ್ಲಿ, ಟಿಬೆಟನ್ ನಿರಾಶ್ರಿತರ ವಸತಿಯಾದ ಬೈಲಕುಪ್ಪೆಯ ಹೋಟೆಲೊಂದರಲ್ಲಿ, ಥುಕ್ಪಾ ಬಟ್ಟಲನ್ನು ಮುಂದಿಟ್ಟುಕೊಂಡು ಕೂತಿದ್ದ ಒಬ್ಬರು ತಮ್ಮ ಜೊತೆಯವರಿಗೆ ಹೇಳುತ್ತಿದ್ದ ಮಾತಿದು. ಕೊರಳಲ್ಲಿ ಬೈನಾಕ್ಯುಲರ್, ಮೇಜಿನ ಮೇಲೆ ಮಣ್ಣುಬಣ್ಣದ ಟೋಪಿ. ಹಕ್ಕಿಗಳ ಮೇಲೆ ನಿಜವಾದ ಅಕ್ಕರೆ ಇದ್ದವರಂತೆಯೇ ಕಂಡರು. ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಅದು ಅವರೊಬ್ಬರ ಅಭಿಪ್ರಾಯವೂ ಅಲ್ಲ. ಪ್ರತಿವರ್ಷ ಹಿಂಗಾರು ಹಿಂದೆ ಸರಿಯುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ವಲಸೆ ಹಕ್ಕಿಗಳ ಬಣ್ಣದ ಚಿತ್ರ ಬರುತ್ತದೆ. ವರದಿಯ ಕಡೆಯಲ್ಲಿ, ಈ ಕೆರೆಯನ್ನು ಪಕ್ಷಿಧಾಮವೆಂದು ಘೋಷಿಸಬೇಕೆಂಬುದು ಪಕ್ಷಿಪ್ರಿಯರ ಆಗ್ರಹ ಎಂಬ ಸಾಲೊಂದು ತಪ್ಪದೆ ಇರುತ್ತದೆ. ನನ್ನ ಆಗ್ರಹ ಇದಕ್ಕೆ ನೇರ ವಿರುದ್ಧ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗೆ ಚಳಿಗಾಲ ಕಳೆಯಲು ಬರುವ ಹಕ್ಕಿಗಳನ್ನು ಇಷ್ಟು ಕಾಲ ಸಾಕಿಕೊಂಡು ಬಂದದ್ದು ಬೇಸಾಯ. ಕೆರೆಯಿಂದ ಬೇಸಾಯಗಾರರನ್ನು ಹೊರಗಿಟ್ಟರೆ ಉಳಿಯುವುದು ನೀರು ನಿಂತ ಒಂದು ದೊಡ್ಡ ಗುಂಡಿ, ಅಷ್ಟೆ. ಹಾಗೆಯೇ ಹಕ್ಕಿ ನೋಡಲೆಂದು ನಡೆಯುವವರಿಗೂ ಟಿಕೆಟ್ಟಿನ ಧಾಮಕ್ಕಿಂತ ಕೆರೆಯ ಏರಿ, ಏರಿಯ ಕೆಳಗಿನ ಅಚ್ಚುಕಟ್ಟು ಹೆಚ್ಚು ಕಲಿಸುತ್ತದೆ.

ಅಕ್ಟೋಬರಿನಲ್ಲಿ ಈ ಭಾಗದ ಕೆರೆಯೊಂದರ ಏರಿಯ ಮೇಲೆ ನಡೆದು ನೋಡಿ. ಯಾವ ಕೆರೆ ಎಂದು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಅಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಮುಂಗಾರಿನ ನೀರು, ಕೆಲವು ಕಡೆ ಹಾರಂಗಿ ನಾಲೆಯ ನೀರು ಸೇರಿ ಕೆರೆ ಕೋಡಿಯ ಮಟ್ಟದಲ್ಲಿರುತ್ತದೆ. ನಡುನೀರಿನಲ್ಲಿ ನೀರುಕಾಗೆ, ಗುಳುಮುಳುಕ, ನಾಮದ ಕೋಳಿ. ಎಲೆಯ ಮೇಲೆ ಕಾಲೂರಿ ನಡೆಯುವ ದೇವನಕ್ಕಿ. ದೂರದಿಂದ ಬಂದವರಲ್ಲಿ ಮೊದಲಿಗರು ಗಾತ್ರದಲ್ಲಿ ಚಿಕ್ಕವರು: ಕೋಡಿಯ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ವಿದ್ಯುತ್ ತಂತಿಯ ಮೇಲೆ ಸಾಲುಗೂತ ಅಂಬರಕೀಚುಗಗಳು, ಹೊಂಗೆಯ ಎಲೆಗಳೊಳಗೆ ಅವಿತು ಚಿವ್ ಚಿವ್ ಎನ್ನುವ ಉಲಿಯಕ್ಕಿ. ಉಲಿಯಕ್ಕಿಯನ್ನು ನೋಡಲು ಯಾರೂ ಕಾರು ಹತ್ತುವುದಿಲ್ಲ. ಒಂದು ಬೆಂಕಿಪೊಟ್ಟಣಕ್ಕಿಂತ ಹಗುರವಾದ ಜೀವ ಹಿಮಾಲಯದ ಕಡೆಯಿಂದ ಇಲ್ಲಿಗೆ ಬಂದು ತಂಬಾಕು ಹದ ಮಾಡುವ ಬ್ಯಾರನ್ನಿನ ಪಕ್ಕದ ಮರದಲ್ಲಿ ಚಳಿಗಾಲ ಕಳೆಯುತ್ತದೆ ಎಂದರೆ ಬ್ಯಾರನ್ನಿನ ಮಾಲೀಕನೇ ನಂಬುವುದಿಲ್ಲ. ಅಕ್ಟೋಬರಿನಲ್ಲಿ ಹೋದವರಿಗೆ ಇಷ್ಟು ಸಿಗುತ್ತದೆ. ಬಾತುಗಳ ಮಂದೆ, ಉದ್ದ ಕೊಕ್ಕಿನ ಗೊರವಗಳು ಎಲ್ಲಿ ಎಂದು ಕೇಳುವವರು ತೂಬಿನ ಕಡೆ ನೋಡಬೇಕು.

ಕೆರೆಯ ಹಕ್ಕಿಗಳ ಲೆಕ್ಕಾಚಾರ ನಿಂತಿರುವುದು ನೀರಿನ ಆಳದ ಮೇಲೆ. ಗದ್ದೆಗೊರವದ ಕಾಲು ಎಷ್ಟುದ್ದವೋ ಅಷ್ಟೇ ಆಳದ ನೀರಿನಲ್ಲಿ ಅದಕ್ಕೆ ಅನ್ನ. ಮೆಟ್ಟುಗಾಲು ಹಕ್ಕಿ ಇನ್ನೂ ಒಂದು ಗೇಣು ಮುಂದೆ ಹೋದೀತು. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಮುಳುಗಿ ಮೇಯುವ ಜಾತಿಗಳಲ್ಲ. ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿದಾಗ ಕೊಕ್ಕಿಗೆ ಎಟುಕುವಷ್ಟು ಆಳದಲ್ಲಿ ಮಾತ್ರ ಅವುಗಳ ಮೇವು. ತುಂಬಿದ ಕೆರೆ ಇವೆಲ್ಲಕ್ಕೂ ಮುಚ್ಚಿದ ಅಂಗಡಿ. ಅದನ್ನು ತೆರೆಯುವವನು ನೀರುಗಂಟಿ. ಅವನು ತೂಬು ಎತ್ತಿದ ಮೇಲೆ ನೀರು ಗದ್ದೆಗೆ ಇಳಿಯುತ್ತದೆ, ವಾರವಾರಕ್ಕೂ ಕೆರೆಯಂಗಳದ ಒಂದೊಂದು ಸುತ್ತು ಗೋಡುಮಣ್ಣು ಬಯಲಾಗುತ್ತದೆ. ಹಸಿ ಮಣ್ಣಿನಲ್ಲಿ ಹುಳ, ಸೀಗಡಿಮರಿ, ಶಂಖದ ಹುಳು, ಜೊಂಡಿನ ಬೀಜ. ನೀರಿನ ಅಂಚು ಹಿಂದೆ ಸರಿದ ಹಾಗೆ ಹಕ್ಕಿಯೂ ಸರಿಯುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪ್ರತಿದಿನ ಹೊಸ ಅಂಚು, ಹೊಸ ಊಟ. ಒಣಗಿದ ಅಂಗಳದಲ್ಲಿ ದನ ಮೇಯುತ್ತವೆ. ಅವು ಹುಲ್ಲನ್ನು ಗಿಡ್ಡವಾಗಿ ಇಡುವುದರಿಂದಲೇ ಸಿಪಿಲೆ, ಟಿಟ್ಟಿಭಗಳಿಗೆ ಓಡಾಡಲು ಜಾಗ ಆಗುವುದು. ಈ ಸರಪಳಿಯಲ್ಲಿ ಯಾವ ಕೊಂಡಿಯನ್ನು ಬೇಲಿಯ ಹೊರಗಿಡುತ್ತೀರಿ? ದನವನ್ನು ತಡೆದರೆ ಅಂಗಳದಲ್ಲಿ ಆಳೆತ್ತರದ ಜೊಂಡು ಬೆಳೆಯುತ್ತದೆ. ತೂಬು ಮುಚ್ಚಿ ವರ್ಷವಿಡೀ ನೀರು ನಿಲ್ಲಿಸಿದರೆ ನೀರುಕಾಗೆಗೆ ಹಬ್ಬ, ಮಿಕ್ಕವಕ್ಕೆ ಉಪವಾಸ.

ಕೆರೆ ಅಭಿವೃದ್ಧಿ ಎಂಬ ಹೆಸರಿನಲ್ಲಿ ನಡೆಯುವ ಕೆಲಸವೂ ಇದನ್ನೇ ಮಾಡುತ್ತದೆ. ಹಿಂದೆ ಹೂಳೆತ್ತುತ್ತಿದ್ದವರು ಬೇಸಿಗೆಯಲ್ಲಿ ಗಾಡಿ ಕಟ್ಟಿ, ತಮ್ಮ ಹೊಲಕ್ಕೆ ಬೇಕಾದ ಗೋಡನ್ನು ಅಂಗಳದ ಅಲ್ಲಲ್ಲಿ ತೆಗೆಯುತ್ತಿದ್ದರು. ಇಳಿಜಾರು ಇಳಿಜಾರಾಗಿಯೇ ಉಳಿಯುತ್ತಿತ್ತು. ಈಗ ಜೆಸಿಬಿ ಬಂದು ಕೆರೆಯನ್ನು ಬೋಗುಣಿಯ ಹಾಗೆ ಕೆತ್ತುತ್ತದೆ. ಸುತ್ತ ಕಲ್ಲು ಜೋಡಿಸಿ, ನಡಿಗೆಪಥ ಹಾಸಿ, ದೀಪದ ಕಂಬ ನೆಟ್ಟು, ಬಾತುಕೋಳಿಯ ಆಕಾರದ ದೋಣಿ ಬಿಡುತ್ತಾರೆ. ಮೈಸೂರಿನ ಕಾರಂಜಿ ಕೆರೆಯಲ್ಲಿ ದೋಣಿಯೂ ಇದೆ, ಜನ ಒಳಗೆ ನಡೆದಾಡಬಹುದಾದಷ್ಟು ದೊಡ್ಡ ಪಕ್ಷಿ ಪಂಜರವೂ ಇದೆ. ಕೆರೆಯ ಪಕ್ಕದಲ್ಲೇ ಪಂಜರ ಕಟ್ಟಿ ಹಕ್ಕಿ ತೋರಿಸುವ ಈ ಕಲ್ಪನೆಯನ್ನು ಯಾವ ಹಾಸ್ಯಗಾರನೂ ಮೀರಿಸಲಾರ. ಪಕ್ಷಿಧಾಮವಾದರೆ ಪ್ರವಾಸೋದ್ಯಮ ಬೆಳೆಯುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಖಂಡಿತ ಬೆಳೆಯುತ್ತದೆ, ಹಕ್ಕಿ ಇಲ್ಲದೆಯೂ ಬೆಳೆಯುತ್ತದೆ.

ಇನ್ನು ಎಲ್ಲರೂ ಕಾಯುವ ಹಕ್ಕಿ, ಪಟ್ಟೆತಲೆ ಹೆಬ್ಬಾತು. ಇದರ ಕಥೆಯನ್ನು ಸ್ವಲ್ಪ ಉದ್ದಕ್ಕೆ ಹೇಳಲೇಬೇಕು. ಬೇಲಿಯ ವಾದ ಅತ್ಯಂತ ಸ್ಪಷ್ಟವಾಗಿ ಮುರಿದುಬೀಳುವುದು ಇಲ್ಲಿಯೇ. ಎರಡು ಮೂರು ಕಿಲೋ ತೂಗುವ ಈ ಹಕ್ಕಿ ಮರಿ ಮಾಡುವುದು ಮಂಗೋಲಿಯ, ಚಿಂಗ್‌ಹಾಯ್, ಟಿಬೆಟ್‌ಗಳ ಎತ್ತರದ ಸರೋವರಗಳ ದಂಡೆಯಲ್ಲಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುತ್ತದೆ. ಅದರ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಅಳವಡಿಸಿದ ಉಪಕರಣಗಳಲ್ಲಿ 7,000 ಮೀಟರ್ ಮೀರಿದ ಹಾರಾಟವೂ ದಾಖಲಾಗಿದೆ. ಆದರೆ ಎವರೆಸ್ಟಿನ ನೆತ್ತಿಯ ಮೇಲೆ ಸಲೀಸಾಗಿ ತೇಲಿಹೋಗುವ ಹಕ್ಕಿ ಎಂಬ ನಮ್ಮ ಪ್ರೀತಿಯ ಚಿತ್ರವನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕಷ್ಟು ತಿದ್ದಿತು. ಮಂಗೋಲಿಯದ ಹೆಬ್ಬಾತುಗಳ ಮೈಯಲ್ಲಿ ಉಪಕರಣ ಇಟ್ಟು ಎದೆಬಡಿತ ಅಳೆದವರು ಕಂಡದ್ದು, ಹಕ್ಕಿ ಎತ್ತರ ಕಾಯ್ದುಕೊಂಡು ಹಾರುವುದಿಲ್ಲ. ನೆಲದ ಏರಿಳಿತವನ್ನೇ ಅನುಸರಿಸಿ ಬೆಟ್ಟ ಬಂದಾಗ ಏರುತ್ತದೆ, ಕಣಿವೆ ಬಂದಾಗ ಇಳಿಯುತ್ತದೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದೇ ಅದಕ್ಕೆ ಅಗ್ಗ, ಏಕೆಂದರೆ ದಟ್ಟ ಗಾಳಿಯಲ್ಲಿ ರೆಕ್ಕೆ ಬಡಿಯಲು ಶಕ್ತಿ ಕಡಿಮೆ ಸಾಕು.

ಹೀಗೆ ಬಂದ ಹೆಬ್ಬಾತುಗಳು ನಮ್ಮ ಕಡೆ ಕಾಣಿಸುವುದು ಸಾಮಾನ್ಯವಾಗಿ ನವೆಂಬರ್ ಕಳೆಯುವ ಹೊತ್ತಿಗೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಇವುಗಳಿಗೆ ಹೆಸರಾದದ್ದು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳನ್ನು ಹವ್ಯಾಸಿಗಳು ಅಲ್ಲಿ ಗುರುತಿಸಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆ ದಕ್ಷಿಣ ಭಾರತದಲ್ಲಿ ಇವುಗಳ ಅತಿ ದೊಡ್ಡ ತಂಗುದಾಣಗಳಲ್ಲೊಂದು. ಬೆಳಗ್ಗೆ ಏಳಕ್ಕೆ ಕ್ಯಾಮೆರಾ ಹಿಡಿದು ಹೋದವರು ಏನು ನೋಡುತ್ತಾರೆ? ಕೆರೆಯ ನಡುವೆಯೋ ದಂಡೆಯಲ್ಲೋ ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ದೆ ಮಾಡುವ ಮಂದೆಯನ್ನು. ಅದರ ಊಟ ಆಗಿಹೋಗಿರುತ್ತದೆ. ಹೆಬ್ಬಾತು ಮೇಯುವುದು ಸಂಜೆ ಕತ್ತಲಾಗುವಾಗಿನಿಂದ ಮುಂಜಾವಿನವರೆಗೆ, ಅದೂ ಕೆರೆಯಲ್ಲಿ ಅಲ್ಲ. ಕೊಯ್ದ ಭತ್ತದ ಗದ್ದೆಯ ಕೂಳೆಯಲ್ಲಿ, ಕಾಳಿನ ಹೊಲದ ಎಳೆ ಚಿಗುರಿನಲ್ಲಿ. ಕೆರೆ ಅದಕ್ಕೆ ಮಲಗುವ ಕೋಣೆ. ಅಡಿಗೆಮನೆ ರೈತರ ಪಹಣಿಯಲ್ಲಿದೆ. ಕೆರೆಗೆ ಬೇಲಿ ಹಾಕಿ ಹೆಬ್ಬಾತನ್ನು ಕಾಪಾಡಿದೆವು ಎನ್ನುವವರು ಅಚ್ಚುಕಟ್ಟಿನಲ್ಲಿ ಭತ್ತ ಹೋಗಿ ಲೇಔಟ್ ಬಂದರೆ ಏನು ಮಾಡುತ್ತಾರೆ?

ಬೈಲಕುಪ್ಪೆಯಲ್ಲಿ ಕೂತು ಹೆಬ್ಬಾತಿನ ಮಾತಾಡಿದರೆ ಇನ್ನೊಂದು ಹೋಲಿಕೆ ತಾನಾಗಿ ನಾಲಿಗೆಗೆ ಬರುತ್ತದೆ: ಟಿಬೆಟ್ಟಿನಿಂದ ಬಂದ ಜನ, ಟಿಬೆಟ್ಟಿನಿಂದ ಬರುವ ಹಕ್ಕಿ. ಎಷ್ಟೋ ಜನ ಇದನ್ನು ಕಣ್ಣು ತೇವ ಮಾಡಿಕೊಂಡು ಹೇಳುವುದನ್ನು ಕೇಳಿದ್ದೇನೆ. ನನಗೆ ಇದು ಹಿಡಿಸುವುದಿಲ್ಲ. ಹೆಬ್ಬಾತು ಮಾರ್ಚಿನಲ್ಲಿ ಹಿಂದಕ್ಕೆ ಹೋಗುತ್ತದೆ, ಅದಕ್ಕೆ ಎರಡೂ ಕಡೆ ಮನೆಯಿದೆ. ಇಲ್ಲಿನ ಅಜ್ಜಂದಿರು ಒಂದು ಮನೆ ಕಳೆದುಕೊಂಡೇ ಬಂದವರು. ಅದೂ ಅಲ್ಲದೆ ಹೆಬ್ಬಾತು ಬಂದಿಳಿಯುವ ಹೊತ್ತಿಗೆ ಕ್ಯಾಂಪಿನ ಅನೇಕರು ಸ್ವೆಟರ್ ಮಾರಲು ಊರೂರಿಗೆ ಹೊರಟುಹೋಗಿರುತ್ತಾರೆ. ಆದರೆ ಬೈಲಕುಪ್ಪೆಯ ಇತಿಹಾಸದಲ್ಲಿ ಈ ಚರ್ಚೆಗೆ ನಿಜವಾಗಿ ಸಲ್ಲುವ ಒಂದು ಸಂಗತಿ ಇದೆ. ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಜಮೀನು ಕೊಟ್ಟು, 1961ರಲ್ಲಿ ಮೊದಲ ವಸತಿ ಲುಗ್‌ಸುಂಗ್ ಸಂಡುಪ್ಲಿಂಗ್ ಶುರುವಾದಾಗ, ಬಂದವರಿಗೆ ಸಿಕ್ಕಿದ್ದು ಉಳುವ ನೆಲ. ಕಾಡು ಕಡಿದರು, ಆನೆಗಳೊಡನೆ ಹೋರಾಡಿದರು, ಮುಸುಕಿನ ಜೋಳ ಬೆಳೆದರು. ಡೇರೆ ಹಾಕಿ, ಪಡಿ ಹಂಚಿ, ಸುತ್ತ ತಂತಿ ಎಳೆದು ಅವರನ್ನು ಕಾಪಾಡಿದ್ದರೆ ಇವತ್ತು ಆ ವಸತಿ ಈ ರೀತಿ ಇರುತ್ತಿತ್ತೆ? ಆಶ್ರಯ ಕೊಡುವುದೆಂದರೆ ಬದುಕುವ ದಾರಿ ಕೊಡುವುದು ಎಂಬುದು ಮನುಷ್ಯರ ವಿಷಯದಲ್ಲಿ ಆಗಿನ ಸರ್ಕಾರಕ್ಕೆ ಹೊಳೆದಿತ್ತು. ಹಕ್ಕಿಯ ವಿಷಯದಲ್ಲಿ ನಾವು ಇನ್ನೂ ಡೇರೆ ಮತ್ತು ತಂತಿಯ ಲೆಕ್ಕದಲ್ಲೇ ಇದ್ದೇವೆ.

ನನ್ನ ವಾದಕ್ಕೆ ಎದುರಾಗಿ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು ಪಕ್ಷಿಧಾಮ ನಿಂತಿದೆ, ಅದನ್ನು ಬದಿಗೆ ಸರಿಸಿ ಮುಂದೆ ಹೋಗಲಾಗದು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದ ಪಕ್ಷಿತಜ್ಞ ಸಾಲಿಂ ಅಲಿ ಆ ನಡುಗಡ್ಡೆಗಳನ್ನು ಕಂಡು ಅರಮನೆಗೆ ಹೇಳಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಆಗದೆ ಇದ್ದಿದ್ದರೆ? ಕೋವಿ, ಬಲೆ, ಮೊಟ್ಟೆಗಳ್ಳತನ ಎಲ್ಲವೂ ಇದ್ದ ಕಾಲ ಅದು. ಘೋಷಣೆ ಇಲ್ಲದೆ ಅಲ್ಲಿ ಬಣ್ಣದ ಕೊಕ್ಕರೆ, ಬಾಯಿಕಳಕ, ಹೆಜ್ಜಾರ್ಲೆಗಳ ಗೂಡು ಉಳಿಯುತ್ತಿರಲಿಲ್ಲ ಎಂಬುದನ್ನು ಯಾವ ಹಟವೂ ಇಲ್ಲದೆ ಒಪ್ಪುತ್ತೇನೆ. ಕಾನೂನಿನ ಬಲ ಇಲ್ಲದಿದ್ದರೆ ಒತ್ತುವರಿದಾರನ ಮುಂದೆ ಹಳ್ಳಿಯ ಒಳ್ಳೆಯತನ ನಿಲ್ಲುವುದಿಲ್ಲ ಎಂಬ ಮಾತೂ ನಿಜ.

ಆದರೆ ರಂಗನತಿಟ್ಟಿನಲ್ಲಿ ಕಾಯುತ್ತಿರುವುದು ಏನನ್ನು? ಗೂಡುಗಳನ್ನು. ಗೂಡು ಒಂದೇ ಕಡೆ ಇರುತ್ತದೆ, ಅದೇ ಮರಗಳಿಗೆ ಹಕ್ಕಿ ವರ್ಷ ವರ್ಷ ಮರಳುತ್ತದೆ, ಮರಿ ಹಾರುವವರೆಗೆ ಜಾಗ ಬಿಡುವಂತಿಲ್ಲ. ಅಂಥದ್ದಕ್ಕೆ ಕಾವಲು ಬೇಕೇ ಬೇಕು. ಚಳಿಗಾಲದ ವಲಸಿಗನ ಕಥೆ ಬೇರೆ. ಇವತ್ತು ಈ ಕೆರೆ, ನೀರು ಬತ್ತಿದರೆ ಆ ಕೆರೆ, ಕೊಯ್ಲಾದ ಕಡೆಗೆ ಸವಾರಿ. ಅದರ ಧಾಮ ನಾಲ್ಕು ತಾಲ್ಲೂಕಿನಷ್ಟು ಅಗಲ. ಅಷ್ಟು ದೊಡ್ಡ ಬೇಲಿಯ ತಂತಿಯನ್ನು ಯಾವ ಇಲಾಖೆಯೂ ಕೊಳ್ಳಲಾರದು. ರಂಗನತಿಟ್ಟಿನ ಹುಟ್ಟನ್ನೇ ನೋಡಿ: ಆ ನಡುಗಡ್ಡೆಗಳು ಉಂಟಾದದ್ದು 1645-48ರ ನಡುವೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆಯಿಂದ. ಸಾಲಿಂ ಅಲಿ ಅಲ್ಲಿಗೆ ಬರುವ ಸುಮಾರು ಮುನ್ನೂರು ವರ್ಷ ಮೊದಲೇ ಮನುಷ್ಯನ ಕಟ್ಟೆ ಹಕ್ಕಿಗೆ ಜಾಗ ಮಾಡಿಕೊಟ್ಟಿತ್ತು. ಮಾಗಡಿ ಕೆರೆಯೂ ನೀರಾವರಿಗೆಂದೇ ಕಟ್ಟಿದ್ದು. ಅದರ ಜೊತೆಗೇ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಹೆಕ್ಕುವವರೂ ಇದ್ದಾರೆ, ಗಜನಿ ಗದ್ದೆಗಳಲ್ಲಿ ಕಗ್ಗ ತಳಿಯ ಭತ್ತ ಬೆಳೆಯುವವರೂ ಇದ್ದಾರೆ, ಸಮುದ್ರದಂಚಿನ ಹಕ್ಕಿಗಳೂ ಇವೆ. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆ, ಹಕ್ಕಿ ಎಲ್ಲ ಸೇರುವುದು ಬೀಚನಹಳ್ಳಿ ಅಣೆಕಟ್ಟೆಯಿಂದ ನೀರು ಕೆಳಗೆ ಬಿಟ್ಟು ದಂಡೆ ಹಸಿರಾದಾಗ.

ಅದೇ ಎಚ್.ಡಿ. ಕೋಟೆ, ಹುಣಸೂರು ಸೀಮೆ ಬೇಲಿಯ ಇನ್ನೊಂದು ಮುಖವನ್ನೂ ಕಂಡಿದೆ. ನಾಗರಹೊಳೆಯ ಕಾಡಿನಿಂದ ಜೇನುಕುರುಬರನ್ನು ಹೊರಗೆ ತಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಹಾಡಿಗಳಲ್ಲಿ ಕೂರಿಸಿದರು. ಹಕ್ಕಿಯ ಕೂಗು ಕೇಳಿ ಹುಲಿ ಎಲ್ಲಿದೆ ಎಂದು ಹೇಳಬಲ್ಲವರನ್ನು ಹೊರಗಟ್ಟಿ, ಆಮೇಲೆ ಸಫಾರಿ ಜೀಪಿನಲ್ಲಿ ಕೂತವರಿಗೆ ಹಕ್ಕಿಯ ಹೆಸರನ್ನು ಫಲಕದಲ್ಲಿ ಬರೆದು ತೋರಿಸುವುದನ್ನು ಸಂರಕ್ಷಣೆ ಎಂದು ಕರೆಯಲು ನನಗೆ ನಾಚಿಕೆ. ಕೆರೆಯಂಗಳಗಳಲ್ಲೂ ಅದನ್ನೇ ಮತ್ತೆ ಆಡಬೇಕೆ?

ಇದಕ್ಕೆ ಎದುರಾಗಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯ ಹಿತ್ತಿಲ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿದಾಗ ಊರನ್ನು ಎಬ್ಬಿಸಲಿಲ್ಲ. ಮರದ ಒಡೆಯರಿಗೆ ಹುಣಸೆಯ ನಷ್ಟಕ್ಕೆ ಹಣ ಕೊಡುವ ದಾರಿ ಹಿಡಿದರು. ಕಾನೂನು ಬೇಕು ಎನ್ನುವವರಿಗೆ ಕಾನೂನಿನಲ್ಲೇ ಬೇಲಿಯಿಲ್ಲದ ದಾರಿ ಇದೆ ಎಂದು ತೋರಿಸಲು ಇದೊಂದು ಉದಾಹರಣೆ ಸಾಕು.

ನೀರಿನಿಂದ ಸ್ವಲ್ಪ ಆಚೆ ಬಂದು ನೀಲಕಂಠವನ್ನು ನೋಡೋಣ, ನಮ್ಮ ರಾಜ್ಯಪಕ್ಷಿ. ತಂಬಾಕು ಕಿತ್ತು ಹುರುಳಿಯೋ ರಾಗಿಯೋ ಹಾಕಿದ ಹೊಲದ ಅಂಚಿನ ತಂತಿಯ ಮೇಲೆ ಕೂತು ಮಿಡತೆ ಕಾಯುವ ಹಕ್ಕಿ. ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಮಿಂಚುತ್ತದೆ. ಇದಕ್ಕೆ ಯಾವ ಧಾಮವೂ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಬಯಲು ಹೊಲವೇ ಅದರ ಊರು. ದೇಶದ ಪಕ್ಷಿಗಳ ಸ್ಥಿತಿಗತಿಯ 2023ರ ವರದಿ ಇದರ ಸಂಖ್ಯೆ ಗಣನೀಯವಾಗಿ ಇಳಿದಿದೆ ಎಂದು ಹೇಳಿ, ಅಪಾಯದ ಪಟ್ಟಿಯಲ್ಲಿ ಇದರ ಜಾಗವನ್ನು ಮತ್ತೆ ಪರಿಶೀಲಿಸಬೇಕೆಂದಿತು. ಆ ವರದಿಗೆ ಆಧಾರವಾದದ್ದು ಸಾವಿರಾರು ಹವ್ಯಾಸಿಗಳು ನಡೆದು ಬರೆದಿಟ್ಟ ಪಟ್ಟಿಗಳು. ಪಟ್ಟಿ ಬರೆಯುವವರನ್ನು ಗೇಲಿ ಮಾಡುವುದು ಸುಲಭ. ನಾನೂ ಮಾಡುತ್ತೇನೆ, ಮುಖ್ಯವಾಗಿ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಪೊದೆಯಿಂದ ಎಳೆಯುವವರನ್ನು. ಆದರೆ 2014ರಿಂದ 2016ರವರೆಗೆ ಮೈಸೂರಿನ ಹವ್ಯಾಸಿಗಳು ನಗರವನ್ನು ಚೌಕಗಳಾಗಿ ಕತ್ತರಿಸಿ, ಕೆರೆ ಇರಲಿ ಮೋರಿ ಇರಲಿ ಪಾಲಿಗೆ ಬಂದ ಚೌಕದಲ್ಲಿ ನಡೆದು ಪಕ್ಷಿ ಅಟ್ಲಾಸ್ ಮಾಡಿದರಲ್ಲ, ಅದು ನಾನು ಮೆಚ್ಚುವ ನಡಿಗೆ. ಹೆಸರಾದ ಜಾಗಕ್ಕೆ ಮಾತ್ರ ಹೋಗುವವರಿಗೆ ನೀಲಕಂಠ ಕಡಿಮೆಯಾದದ್ದು ತಿಳಿಯುವುದೇ ಇಲ್ಲ.

ಈಗ ನನ್ನನ್ನು ನಿಜವಾಗಿ ಕಾಡುವ ಆಕ್ಷೇಪಣೆ. ದುಡಿಯುವ ಕೆರೆ ಎನ್ನುತ್ತೀರಿ, ಕೆರೆ ಈಗ ಎಲ್ಲಿ ದುಡಿಯುತ್ತಿದೆ ಎಂದು ಯಾರಾದರೂ ಕೇಳಿದರೆ? ಅಚ್ಚುಕಟ್ಟಿನಲ್ಲೂ ಕೊಳವೆಬಾವಿಗಳಾಗಿವೆ. ತೂಬಿನ ಕಲ್ಲು ಮುರಿದರೆ ರಿಪೇರಿ ಮಾಡಿಸಲು ಯಾರೂ ಮುಂದೆ ಬರುವುದಿಲ್ಲ. ನೀರುಗಂಟಿಯ ಮಗ ಮೈಸೂರಿನಲ್ಲಿ ಕಾರ್ಖಾನೆ ಸೇರಿದ್ದಾನೆ. ಕೆರೆ ಈಗ ಮೀನಿನ ಗುತ್ತಿಗೆದಾರನದು, ಅವನಿಗೆ ನೀರು ಇಳಿಯಬಾರದು. 2002ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘ ಮಾಡಿದರು. ಹಲವೆಡೆ ಅದರಲ್ಲಿ ಉಳಿದಿರುವುದು ಬೋರ್ಡು. ಪಿರಿಯಾಪಟ್ಟಣ, ಹುಣಸೂರಿನ ತಂಬಾಕು ಹದ ಮಾಡಲು ಸೌದೆ ಉರಿದು ಮರ ಹೋಯಿತು. ಗುತ್ತಿಗೆಯ ಶುಂಠಿ ಹೊಲಕ್ಕೆ ಸುರಿಯುವ ವಿಷವೆಲ್ಲ ಮಳೆಯ ಜೊತೆ ಕೆರೆಗೇ ಇಳಿಯುತ್ತದೆ. ಇಂಥ ಬೇಸಾಯಗಾರನ ಕೈಗೆ ಹಕ್ಕಿಯನ್ನು ಒಪ್ಪಿಸುತ್ತೀರಾ?

ಈ ಪ್ರಶ್ನೆಗೆ ನನ್ನಲ್ಲಿ ಅರ್ಧ ಉತ್ತರ ಮಾತ್ರ ಇದೆ. ಶುಂಠಿಯ ವಿಷವನ್ನು ಬೇಲಿ ತಡೆಯುವುದಿಲ್ಲ, ಅದು ನೀರಿನೊಳಗೆ ಬರುತ್ತದೆ. ಮೀನಿನ ಗುತ್ತಿಗೆಯ ಕರಾರಿನಲ್ಲಿ ಜನವರಿಯ ನಂತರ ನೀರು ಯಾವ ಮಟ್ಟಕ್ಕೆ ಇಳಿಯಬೇಕು ಎಂಬ ಒಂದು ಸಾಲು ಸೇರಿಸುವುದು ಗೋಪುರ ಕಟ್ಟುವುದಕ್ಕಿಂತ ಅಗ್ಗ. ತೂಬು ರಿಪೇರಿಗೆ ಕೇಳುವ ಅರ್ಜಿಗೆ ಹಕ್ಕಿ ನೋಡುವವರೂ ಸಹಿ ಹಾಕಬಹುದು. ಇದುವರೆಗೆ ಪಕ್ಷಿಪ್ರಿಯರ ಬೇಡಿಕೆ ಪಟ್ಟಿಗಳಲ್ಲಿ ತೂಬು ಎಂಬ ಪದವನ್ನು ನಾನು ಕಂಡಿಲ್ಲ. ಮತ್ತು ಹೆಬ್ಬಾತು ಮೇಯ್ದುಹೋದ ಹೊಲದ ನಷ್ಟ ನಿಜವಾದದ್ದು. ನೂರಾರು ಹಕ್ಕಿ ಒಂದು ರಾತ್ರಿ ಎಳೆ ಹುರುಳಿಯ ಮೇಲೆ ಇಳಿದರೆ ಬೆಳಗ್ಗೆ ಮಣ್ಣು ಕಾಣುತ್ತದೆ. ಆ ರೈತನಿಗೆ ಹಕ್ಕಿಯ ಸೌಂದರ್ಯದ ಬಗ್ಗೆ ಉಪನ್ಯಾಸ ಕೊಡುವವರನ್ನು ಅವನು ಓಡಿಸಿದರೆ ತಪ್ಪು ಅವನದಲ್ಲ. ಹುಣಸೆಮರಕ್ಕೆ ಕೊಟ್ಟ ಹಣವನ್ನು ಹುರುಳಿಗೂ ಕೊಡಿ ಎಂದು ಕೇಳಬೇಕಾದವರು ಮೊದಲು ನಾವು.

ಆದ್ದರಿಂದ ನಡಿಗೆ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಅಕ್ಟೋಬರಿನಲ್ಲಿ ಒಮ್ಮೆ ಬನ್ನಿ, ತುಂಬಿದ ಕೆರೆ ನೋಡಿ, ಉಲಿಯಕ್ಕಿಗೆ ಕಿವಿಗೊಡಿ. ಜನವರಿಯಲ್ಲಿ ಅದೇ ಕೆರೆಗೆ ಮತ್ತೆ ಬನ್ನಿ, ತೂಬು ಎತ್ತಿ ಎಷ್ಟು ದಿನವಾಯಿತು, ಈ ಸಲ ಎಷ್ಟು ಎಕರೆಗೆ ನೀರು ಹರಿಯಿತು ಎಂದು ನೀರುಗಂಟಿಯನ್ನು ಕೇಳಿ, ಹಕ್ಕಿಗಳ ಪಟ್ಟಿಯ ಪಕ್ಕದಲ್ಲೇ ಅದನ್ನೂ ಬರೆದುಕೊಳ್ಳಿ. ಬೆಳಗಿನ ಬದಲು ಒಂದು ದಿನ ಸಂಜೆ ಅಚ್ಚುಕಟ್ಟಿನ ಬದುವಿನ ಮೇಲೆ ನಿಲ್ಲಿ. ಹೊಲದ ಯಜಮಾನ ಬಂದು, ನಿಮ್ಮ ಹಕ್ಕಿ ನನ್ನ ಬೆಳೆ ತಿಂದಿತು, ಯಾರು ಕೊಡುತ್ತೀರಿ ಎಂದು ಕೇಳಿದರೆ, ಬೈನಾಕ್ಯುಲರನ್ನು ಚೀಲಕ್ಕೆ ಹಾಕಿ ಅವನ ಜೊತೆ ಕೂತು ಅರ್ಜಿ ಬರೆಯಿರಿ.